ಇಂದ, ಅಲ್ಲಿ ಮತ್ತು ಒಬ್ಬ ಬಿಷಪ್

ಇಸ್ತಾಂಬುಲ್‌ಗೆ ಟೂರ್ ಹೋದವರು ಒಂದು ಸಂಜೆ ಫೆರಿ ಹತ್ತಿ, ಬಾಸ್ಫೊರಸ್ ದಾಟಿ, ಏಷ್ಯಾ ದಡದ ಕಡಿಕೊಯ್‌ಗೆ ಹೋಗೋದು ರೂಢಿ. ಮೀನು ಮಾರ್ಕೆಟ್ಟು, ಕಾಫಿ ಅಂಗಡಿಗಳು, ಒಂದಷ್ಟು ಫೋಟೊ, ವಾಪಸ್. ಆ ಜಾಗದ ಹಳೆಯ ಹೆಸರು ಕಾಲ್ಸಿಡನ್. 451ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂತ ಯುಫೀಮಿಯಾಳ ಚರ್ಚಿನಲ್ಲಿ ರೋಮನ್ ಸಾಮ್ರಾಜ್ಯದ ನೂರಾರು ಬಿಷಪ್‌ಗಳು ಸೇರಿದ್ದರು. ಸಭೆ ಶುರುವಾಗಿ ಎರಡು ವಾರವಾದರೂ ಒಂದು ವಾಕ್ಯ ಫೈನಲ್ ಆಗಿರಲಿಲ್ಲ. ಸಿಕ್ಕಿಕೊಂಡಿದ್ದು ಒಂದು ಪುಟಾಣಿ ಪದದ ಹತ್ತಿರ.

ಗ್ರೀಕ್‌ನಲ್ಲಿ ಆ ಪದ ‘ಎಕ್’ ಆಗಬೇಕೋ ‘ಎನ್’ ಆಗಬೇಕೋ ಅನ್ನೋದು ಪ್ರಶ್ನೆ. ಕನ್ನಡದಲ್ಲಾದರೆ ಅದು ಪದ ಕೂಡ ಅಲ್ಲ, ಬರೀ ವಿಭಕ್ತಿ ಪ್ರತ್ಯಯ. ಕ್ರಿಸ್ತ ಎರಡು ಸ್ವಭಾವಗಳಿಂದ ಆದವನೋ, ಎರಡು ಸ್ವಭಾವಗಳಲ್ಲಿ ಇರುವವನೋ? ಇಂದ ತೃತೀಯಾ, ಅಲ್ಲಿ ಸಪ್ತಮೀ. ಹೈಸ್ಕೂಲಿನಲ್ಲಿ ಇದಕ್ಕೆ ಒಂದು ಮಾರ್ಕು. ಕಾಲ್ಸಿಡನ್‌ನಲ್ಲಿ ಇದಕ್ಕಾಗಿ ಜನ ಪದವಿ ಕಳೆದುಕೊಂಡರು, ಗಡೀಪಾರಾದರು, ಸತ್ತರು. ಒಂದು ಧರ್ಮ ಹೋಳಾಯಿತು. ಆ ಬಿರುಕಿನ ಒಂದು ಗೆರೆ ನಮ್ಮ ಉಡುಪಿ ಜಿಲ್ಲೆಯವರೆಗೂ ಬಂದಿದೆ. ಅದಕ್ಕೆ ಆಮೇಲೆ ಬರ್ತೀನಿ.

‘ದೇವರು ಮನುಷ್ಯನಾಗಿ ಬಂದ. ಅವತಾರ. ಇಷ್ಟೇ ತಾನೆ? ಇದರಲ್ಲಿ ಜಗಳ ಆಡೋದೇನಿದೆ?’ ಅಂತ ನಮಗೆ ಅನ್ನಿಸೋದು ಸಹಜ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಕಥೆಗಳಲ್ಲಿ ನಮಗೊಂದು ಅನುಕೂಲ ಇದೆ. ರಾಮ ಸೀತೆಗಾಗಿ ಅತ್ತಾಗ ಬೇಕಾದರೆ ನಾವೂ ಜೊತೆಗೆ ಅಳಬಹುದು, ಕಷ್ಟವಾದರೆ ಅದೆಲ್ಲ ಲೀಲೆ ಅಂದುಬಿಡಬಹುದು. ಎರಡೂ ಬಾಗಿಲು ತೆರೆದೇ ಇರುತ್ತವೆ. ಕ್ರೈಸ್ತರು ಆ ಎರಡನೇ ಬಾಗಿಲಿಗೆ ಬಹಳ ಬೇಗ ಬೀಗ ಹಾಕಿದರು. ಯೇಸು ನೋವು ಪಟ್ಟ ಹಾಗೆ ಕಾಣಿಸಿಕೊಂಡ ಅಷ್ಟೇ, ನಿಜವಾಗಿ ನೋವಾಗಲಿಲ್ಲ ಅನ್ನೋ ಗುಂಪು ಮೊದಮೊದಲೇ ಇತ್ತು. ಎರಡನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್‌ನನ್ನು ಕಾಡುಮೃಗಗಳ ಬಾಯಿಗೆ ಹಾಕೋಕೆ ಸೈನಿಕರು ರೋಮ್‌ಗೆ ಎಳೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಬರೆದ ಪತ್ರಗಳಲ್ಲಿ ಆತ ಆ ಗುಂಪಿಗೆ ಕೇಳುವ ಪ್ರಶ್ನೆ ಒಂದೇ: ಆತನ ನೋವು ನಾಟಕವಾಗಿದ್ದರೆ ನನ್ನ ಕಾಲಿಗೆ ಈ ಸರಪಳಿ ಯಾಕೆ?

ಅಲ್ಲಿಂದ ಮುಂದೆ ‘ನಟನೆ’ ಅನ್ನೋ ಉತ್ತರ ಯಾರೂ ಕೊಡೋ ಹಾಗಿರಲಿಲ್ಲ. ಹಾಗಾಗಿ ಸುವಾರ್ತೆಗಳಲ್ಲಿ ಬರುವ ಪ್ರತಿಯೊಂದು ಪ್ರಸಂಗವೂ ತಲೆನೋವಾಯಿತು. ಯೇಸುವಿಗೆ ಬಾಯಾರಿಕೆಯಾಗುತ್ತೆ, ದೋಣಿಯಲ್ಲಿ ನಿದ್ದೆ ಬರುತ್ತೆ, ಸಾಯೋ ಹಿಂದಿನ ರಾತ್ರಿ ಭಯವಾಗುತ್ತೆ. ಗೆಳೆಯ ಲಾಜರನ ಸಮಾಧಿ ಮುಂದೆ ಅಳುತ್ತಾನೆ. ಐದು ನಿಮಿಷದ ನಂತರ ಅದೇ ಲಾಜರನನ್ನು ಬದುಕಿಸುತ್ತಾನೆ. ಅತ್ತವನು ಯಾರು, ಎಬ್ಬಿಸಿದವನು ಯಾರು? ಒಬ್ಬನೇ ತಾನೆ? ಹಾಗಾದರೆ ದೇವರಿಗೆ ಗೆಳೆಯ ಸತ್ತರೆ ದುಃಖವಾಗುತ್ತಾ?

ನಾಲ್ಕನೇ ಶತಮಾನದ ಶುರುವಿನಲ್ಲಿ ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್ ಸರಳ ಉತ್ತರ ಕೊಟ್ಟ. ಮಗ ದೊಡ್ಡವನೇ, ಆದರೆ ತಂದೆಯಷ್ಟು ದೊಡ್ಡವನಲ್ಲ. ಸೃಷ್ಟಿಗಳಲ್ಲೆಲ್ಲ ಮೊದಲನೆಯವನು, ಆದರೂ ಸೃಷ್ಟಿಯೇ. ಈ ವಿಚಾರವನ್ನು ಆತ ಹಡಗಿನವರು, ಬೀಸುವವರು ಹಾಡೋ ಹಾಡುಗಳಾಗಿ ಕಟ್ಟಿ ಹರಡಿದ ಅಂತ ದಾಖಲೆ ಇದೆ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್‌ಗಳನ್ನು ಕೂರಿಸಿ ಏರಿಯಸ್‌ನ ಮಾತನ್ನು ತಳ್ಳಿಹಾಕಿಸಿದ. ಮಗ ತಂದೆಯ ‘ಅದೇ ಸತ್ವ’ದವನು ಅಂತ ತೀರ್ಮಾನವಾಯಿತು. ತೀರ್ಮಾನ ನೆಲೆಯಾಗೋಕೆ ಇನ್ನೂ ಐವತ್ತಾರು ವರ್ಷ ಹಿಡಿಯಿತು. ಅಷ್ಟರಲ್ಲಿ ಅದರ ಪರವಾಗಿ ಹೋರಾಡಿದ ಅಥನೇಷಿಯಸ್ ಐದು ಸಲ ಗಡೀಪಾರಾದ.

ದೇವರು ಹೌದು ಅಂತಾಯಿತು. ಮನುಷ್ಯ ಎಷ್ಟರಮಟ್ಟಿಗೆ? ನೈಸಿಯಾದ ಕಟ್ಟಾ ಬೆಂಬಲಿಗ, ಲವೊಡಿಕಿಯಾದ ಬಿಷಪ್ ಅಪಾಲಿನಾರಿಸ್ ಹೇಳಿದ: ದೇಹ ಮನುಷ್ಯನದು, ಬುದ್ಧಿ ಇರಬೇಕಾದ ಜಾಗದಲ್ಲಿ ದೈವ. ಅಂದರೆ ಗಾಡಿ ನಮ್ಮದು, ಡ್ರೈವರ್ ಮಾತ್ರ ದೇವರು. ಅಚ್ಚುಕಟ್ಟಾದ ಐಡಿಯಾ. ಇದಕ್ಕೆ ನಜಿಯಾಂಜಸ್‌ನ ಗ್ರೆಗರಿ ಕೊಟ್ಟ ಉತ್ತರ ಈ ಇಡೀ ಜಗಳದ ಕೀಲಿಕೈ ಅಂತ ನನ್ನ ಅಭಿಪ್ರಾಯ. ರಕ್ಷಕ ಯಾವುದನ್ನು ತನ್ನದಾಗಿ ತೊಟ್ಟುಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ ಅನ್ನೋದು ಆ ಉತ್ತರದ ಸಾರ. ಮನುಷ್ಯನಲ್ಲಿ ಕೆಟ್ಟಿರೋದೇ ಮನಸ್ಸು, ಮೊದಲು ಜಾರಿದ್ದೇ ಅದು. ಕೆಟ್ಟ ಭಾಗವನ್ನೇ ಬಿಟ್ಟು ಉಳಿದದ್ದನ್ನು ರಿಪೇರಿ ಮಾಡಿದರೆ ಏನು ಬಂತು?

ಇದು ತಲೆಗೆ ಹೋದ ಮೇಲೆ ನನಗೆ ಈ ಬಿಷಪ್‌ಗಳ ಮೇಲಿದ್ದ ಅಸಹನೆ ಕಡಿಮೆಯಾಯಿತು. ಅವರ ಲೆಕ್ಕದಲ್ಲಿ ಇದು ಪದಗಳ ಆಟವಾಗಿರಲಿಲ್ಲ. ರಕ್ಷಕ ಪೂರ್ತಿ ದೇವರಲ್ಲದಿದ್ದರೆ ರಕ್ಷಿಸುವ ಶಕ್ತಿ ಅವನಿಗಿಲ್ಲ. ಪೂರ್ತಿ ಮನುಷ್ಯನಲ್ಲದಿದ್ದರೆ ರಕ್ಷಣೆ ಆಗಿದ್ದು ನಮಗಲ್ಲ, ಬೇರೆ ಯಾರಿಗೋ. ಎರಡರಲ್ಲಿ ಒಂದು ಎಳೆ ಸಡಿಲವಾದರೂ ತಮ್ಮ ಸತ್ತ ಮಕ್ಕಳು, ತಂದೆತಾಯಿ ಮತ್ತೆ ಸಿಗ್ತಾರೆ ಅನ್ನೋ ಭರವಸೆಯೇ ಹೋಯಿತು. ಕಾಂಟ್ರಾಕ್ಟಿನಲ್ಲಿ ಒಂದು ‘ಅಥವಾ’, ಒಂದು ‘ಮತ್ತು’ ಎಷ್ಟು ಕೋಟಿಯ ವ್ಯತ್ಯಾಸ ಮಾಡುತ್ತೆ ಅಂತ ನೋಡಿದವರಿಗೆ ಇದು ಅರ್ಥವಾಗುತ್ತೆ.

ಈಗ ನೆಸ್ಟೋರಿಯಸ್. 428ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಬಿಷಪ್ ಆಗಿ ಬಂದ ಅಂತಿಯೋಕ್ಯ ಕಡೆಯ ಸನ್ಯಾಸಿ. ಒಳ್ಳೆಯ ಮಾತುಗಾರ, ಮಹಾ ಮುಂಗೋಪಿ. ನಾಸ್ತಿಕರಿಂದಲ್ಲ, ತಪ್ಪಾಗಿ ನಂಬಿದವರಿಂದ ದೇಶ ಬಿಡಿಸಿಕೊಡಿ, ನಾನು ನಿಮಗೆ ಸ್ವರ್ಗ ಕೊಡಿಸ್ತೀನಿ ಅನ್ನೋ ಅರ್ಥದಲ್ಲಿ ಚಕ್ರವರ್ತಿಗೆ ಮೊದಲ ಪ್ರವಚನದಲ್ಲೇ ಹೇಳಿದನಂತೆ. ಬಂದ ಐದನೇ ದಿನಕ್ಕೆ ಏರಿಯಸ್ ಪಂಥದವರ ಪ್ರಾರ್ಥನಾಮಂದಿರ ಒಡೆಯೋಕೆ ಹೊರಟ. ಅವರು ಹತಾಶೆಯಿಂದ ತಾವೇ ಅದಕ್ಕೆ ಬೆಂಕಿ ಹಚ್ಚಿದರು, ಬೆಂಕಿ ಪಕ್ಕದ ಮನೆಗಳಿಗೂ ಹಬ್ಬಿತು. ಊರವರು ಹೊಸ ಬಿಷಪ್‌ಗೆ ‘ಕೊಳ್ಳಿ’ ಅಂತ ಅಡ್ಡಹೆಸರಿಟ್ಟರು. ಮುಂದೆ ಈತನಿಗೆ ಆದ ಅನ್ಯಾಯ ಓದುವಾಗ ಇದೂ ನೆನಪಿರಲಿ.

ಊರಲ್ಲಿ ಜನ ಯೇಸುವಿನ ತಾಯಿ ಮರಿಯಳನ್ನು ‘ಥಿಯೊಟೊಕೊಸ್’, ಅಂದರೆ ದೇವರನ್ನು ಹೆತ್ತವಳು ಅಂತ ಕರೆಯುತ್ತಿದ್ದರು. ನೆಸ್ಟೋರಿಯಸ್‌ಗೆ ಇದು ಸರಿ ಕಾಣಲಿಲ್ಲ. ಅನಾದಿಯಾದ ದೇವರಿಗೆ ತಾಯಿ ಎಲ್ಲಿಂದ ಬಂದಳು? ಹುಟ್ಟಿದ್ದು, ಹಾಲು ಕುಡಿದದ್ದು, ಸತ್ತದ್ದು ಮನುಷ್ಯಸ್ವಭಾವ. ಅದರಲ್ಲಿ ದೈವ ನೆಲೆಸಿತ್ತು, ಅದು ಬೇರೆ. ‘ಕ್ರಿಸ್ತನನ್ನು ಹೆತ್ತವಳು’ ಅನ್ನಿ, ಎರಡೂ ಕಡೆಗೆ ಸರಿಹೋಗುತ್ತೆ ಅಂದ. ನಮ್ಮ ಕಾಲದಲ್ಲಾದರೆ ಒಳ್ಳೆಯ ಕಾಂಪ್ರಮೈಸ್ ಅನ್ನಿಸಿಕೊಳ್ಳುತ್ತಿತ್ತು. ಜನಕ್ಕೆ ಕೇಳಿಸಿದ್ದು ಮಾತ್ರ ನಮ್ಮ ತಾಯಿಯನ್ನು ಕೆಳಗಿಳಿಸಿದ ಅಂತ.

ಅಲೆಕ್ಸಾಂಡ್ರಿಯಾದ ಬಿಷಪ್ ಸಿರಿಲ್‌ಗೆ ಬೇಕಾಗಿದ್ದೂ ಇದೇ. ಕಾನ್‌ಸ್ಟಾಂಟಿನೋಪಲ್ ನಿನ್ನೆ ಮೊನ್ನೆಯ ಊರು. ಪುರಾತನವಾದ ಅಲೆಕ್ಸಾಂಡ್ರಿಯಾಕ್ಕಿಂತ ಅದಕ್ಕೆ ಮೇಲಿನ ಸ್ಥಾನ ಕೊಟ್ಟಿದ್ದರು, ಆ ಉರಿ ಇತ್ತು. ಸಿರಿಲ್‌ನ ಸೋದರಮಾವನೋ ಚಿಕ್ಕಪ್ಪನೋ ಆದ ಥಿಯೋಫಿಲಸ್ ಕೂಡ ಹಿಂದೆ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಒಬ್ಬನನ್ನು ಕೆಳಗಿಳಿಸಿದ್ದವನೇ. ಗಣಿತಜ್ಞೆ ಹೈಪೇಷಿಯಾಳನ್ನು 415ರಲ್ಲಿ ಗುಂಪು ಕೊಂದದ್ದು ಸಿರಿಲ್‌ನ ಊರಲ್ಲಿ, ಅವನ ಕಾಲದಲ್ಲಿ. ಹಾಗಂತ ಸಿರಿಲ್ ಬರೀ ರಾಜಕಾರಣಿ ಅಂದರೆ ಅದೂ ತಪ್ಪು. ಅವನ ವಾದದಲ್ಲಿ ಬಿಸಿ ಇದೆ. ದೇವರು ಒಬ್ಬ ಮನುಷ್ಯನನ್ನು ಆರಿಸಿ ಅವನೊಳಗೆ ಬಾಡಿಗೆಗೆ ಇದ್ದ ಅಂದರೆ, ಶಿಲುಬೆಯ ಮೇಲೆ ಸತ್ತವನು ಇನ್ನೊಬ್ಬ ಒಳ್ಳೆಯ ಮನುಷ್ಯ ಅಷ್ಟೇ ಆದ. ಇಲ್ಲ, ತೊಟ್ಟಿಲಲ್ಲಿ ಮಲಗಿದ್ದವನೇ ದೇವರು, ಅತ್ತವನೂ ಅವನೇ, ಎಬ್ಬಿಸಿದವನೂ ಅವನೇ ಅಂತ ಸಿರಿಲ್ ಪಟ್ಟು ಹಿಡಿದ. ‘ದೇಹಧಾರಿಯಾದ ದೇವರ ವಾಕ್ಯದ ಒಂದೇ ಸ್ವಭಾವ’ ಅನ್ನೋದು ಅವನ ಸ್ಲೋಗನ್ ಆಯಿತು. ಮಹಾತ್ಮ ಅಥನೇಷಿಯಸ್‌ನ ಮಾತು ಅಂತ ನಂಬಿ ಅದನ್ನು ಎತ್ತಿಕೊಂಡಿದ್ದ. ನಿಜಕ್ಕೂ ಅದು ಅಪಾಲಿನಾರಿಸ್‌ನದು. ನಿಷೇಧವಾದ ಮೇಲೆ ಅವನ ಶಿಷ್ಯರು ಅವನ ಬರಹಗಳನ್ನು ದೊಡ್ಡವರ ಹೆಸರಿನಲ್ಲಿ ಹರಿಬಿಟ್ಟಿದ್ದರು. ಫಾರ್ವರ್ಡ್ ಮೆಸೇಜಿನ ಸಮಸ್ಯೆ ಹೊಸದಲ್ಲ.

431ರ ಜೂನ್‌ನಲ್ಲಿ ಎಫೆಸಸ್‌ನಲ್ಲಿ ಸಭೆ. ನೆಸ್ಟೋರಿಯಸ್‌ನ ಪರವಾಗಿದ್ದ ಅಂತಿಯೋಕ್ಯದ ಜಾನ್ ಮತ್ತು ಸಿರಿಯಾದ ಬಿಷಪ್‌ಗಳು ಭೂಮಾರ್ಗದಲ್ಲಿ ಬರುತ್ತಾ ತಡವಾದರು. ಚಕ್ರವರ್ತಿಯ ಪ್ರತಿನಿಧಿ ಬೇಡ ಅಂದರೂ ಕೇಳದೆ ಸಿರಿಲ್ 22ರಂದು ಸಭೆ ಶುರು ಮಾಡಿ, ಒಂದೇ ದಿನದಲ್ಲಿ ನೆಸ್ಟೋರಿಯಸ್‌ನನ್ನು ಪದವಿಯಿಂದ ಕಿತ್ತು ಹಾಕಿಸಿದ. ಎರಡು ಮೂರು ತಿಂಗಳ ಕೂಸನ್ನು ದೇವರು ಅಂತ ಕರೆಯೋಕೆ ನನ್ನಿಂದಾಗಲ್ಲ ಅಂತ ನೆಸ್ಟೋರಿಯಸ್ ಖಾಸಗಿಯಾಗಿ ಅಂದಿದ್ದನ್ನು ಅವತ್ತು ಸಾಕ್ಷಿಯಾಗಿ ಹೇಳಿದರು. ರಾತ್ರಿ ಜನ ಪಂಜು ಹಿಡಿದು, ಹೆಂಗಸರು ಧೂಪ ಹಾಕುತ್ತಾ ಬಿಷಪ್‌ಗಳನ್ನು ಬಿಡಾರಕ್ಕೆ ಬಿಟ್ಟು ಬಂದರಂತೆ. ನಾಲ್ಕು ದಿನದ ಮೇಲೆ ಬಂದಿಳಿದ ಜಾನ್ ತನ್ನದೇ ಸಭೆ ಕೂರಿಸಿ ಸಿರಿಲ್‌ನನ್ನು ಕಿತ್ತು ಹಾಕಿದ! ಚಕ್ರವರ್ತಿ ಎರಡನೇ ಥಿಯೋಡೋಸಿಯಸ್ ಎರಡೂ ಆದೇಶಕ್ಕೆ ಸೈ ಅಂದು ಇಬ್ಬರನ್ನೂ ಕಾವಲಲ್ಲಿ ಇಟ್ಟ.

ಆಮೇಲೆ ಅಲೆಕ್ಸಾಂಡ್ರಿಯಾದಿಂದ ಅರಮನೆಗೆ ‘ಕಾಣಿಕೆ’ ಹರಿಯಿತು. ಅದರ ಪಟ್ಟಿ ಇವತ್ತಿಗೂ ಉಳಿದಿದೆ: ಚಿನ್ನ, ರತ್ನಗಂಬಳಿ, ದಂತದ ಕುರ್ಚಿ, ಪರದೆ, ಯಾವ ಅಧಿಕಾರಿಗೆ ಎಷ್ಟು. ವಿರೋಧ ಮಾಡ್ತಿದ್ದ ಒಬ್ಬ ಅಧಿಕಾರಿಗೆ ಉಳಿದವರಿಗಿಂತ ಜಾಸ್ತಿ. ಅಲೆಕ್ಸಾಂಡ್ರಿಯಾ ಚರ್ಚು ಸಾಲ ಮಾಡಬೇಕಾಯಿತು. ಸಿರಿಲ್ ವಾಪಸ್ ಹೋಗಿ ಕುರ್ಚಿಯಲ್ಲಿ ಕೂತ. ನೆಸ್ಟೋರಿಯಸ್ ತಾನಾಗಿಯೇ ಹಳೆಯ ಮಠಕ್ಕೆ ಹೋಗ್ತೀನಿ ಅಂದದ್ದಕ್ಕೆ ಕಳಿಸಿಬಿಟ್ಟರು.

433ರಲ್ಲಿ ಸಿರಿಲ್ ಮತ್ತು ಜಾನ್ ರಾಜಿಯಾದರು. ರಾಜಿಪತ್ರದ ಒಕ್ಕಣೆ ಬಹುಮಟ್ಟಿಗೆ ಅಂತಿಯೋಕ್ಯದವರದ್ದೇ. ಕ್ರಿಸ್ತ ದೈವದಲ್ಲಿ ತಂದೆಗೆ ಸಮ, ಮನುಷ್ಯತ್ವದಲ್ಲಿ ನಮಗೆ ಸಮ, ಎರಡು ಸ್ವಭಾವಗಳ ಐಕ್ಯ. ಅದರ ಜೊತೆಗೆ ಥಿಯೊಟೊಕೊಸ್ ಕೂಡ ಇರಲಿ. ನೆಸ್ಟೋರಿಯಸ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪಿಗೆಯಾಯಿತು, ನೆಸ್ಟೋರಿಯಸ್ ಮಾತ್ರ ಬೇಡವಾದ. ರಾಜಿಯ ಬೆಲೆ ಅವನೇ. ಅವನ ಪುಸ್ತಕ ಸುಡಬೇಕು ಅಂತ ಆದೇಶ ಬಂತು. ಗಡೀಪಾರು ಮಾಡಿ ಕೊನೆಗೆ ಈಜಿಪ್ಟಿನ ಮರುಭೂಮಿಯ ಓಯಸಿಸ್‌ಗೆ, ಅಂದರೆ ಸಿರಿಲ್‌ನ ಸೀಮೆಗೇ ಹಾಕಿದರು. ಅಲ್ಲಿ ದಾಳಿಕೋರ ಬುಡಕಟ್ಟಿನವರು ಊರು ಸುಟ್ಟು ಅವನನ್ನು ಸೆರೆ ಹಿಡಿದು, ಆಮೇಲೆ ಬಿಟ್ಟರು. ತಪ್ಪಿಸಿಕೊಂಡ ಅಂತ ಹೆಸರು ಬಂದೀತೆಂದು ಹೆದರಿ ತಾನೇ ಗವರ್ನರ್‌ಗೆ ಪತ್ರ ಬರೆದು ಶರಣಾದ. ವಯಸ್ಸಾದ, ಗಾಯವಾಗಿದ್ದ ಮನುಷ್ಯನನ್ನು ಸೈನಿಕರು ಒಂದೂರಿಂದ ಇನ್ನೊಂದೂರಿಗೆ ಎಳೆದಾಡಿದರು.

ಆ ಕಡೆ ಪಟ್ಟಣದಲ್ಲಿ ಲೋಲಕ ಇನ್ನೊಂದು ದಿಕ್ಕಿಗೆ ತೂಗಿತು. ಯುಟಿಕಸ್ ಅನ್ನೋ ಮುದಿ ಸನ್ಯಾಸಿ, ಐಕ್ಯವಾದ ಮೇಲೆ ಉಳಿದದ್ದು ಒಂದೇ ಸ್ವಭಾವ ಅಂತ ಶುರು ಮಾಡಿದ. ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಫ್ಲೇವಿಯನ್ ಅವನನ್ನು ಶಿಕ್ಷಿಸಿದ. ಸಿರಿಲ್ ಸತ್ತು ಅವನ ಜಾಗಕ್ಕೆ ಬಂದಿದ್ದ ಡಯೊಸ್ಕೊರಸ್ 449ರಲ್ಲಿ ಮತ್ತೆ ಎಫೆಸಸ್‌ನಲ್ಲೇ ಸಭೆ ಸೇರಿಸಿ, ಸೈನಿಕರನ್ನೂ ಸನ್ಯಾಸಿಗಳ ಗುಂಪನ್ನೂ ಒಳಗೆ ಬಿಟ್ಟು ಫ್ಲೇವಿಯನ್‌ನನ್ನೇ ಕೆಳಗಿಳಿಸಿದ. ಹೊಡೆತ ತಿಂದ ಫ್ಲೇವಿಯನ್ ಹೆಚ್ಚು ದಿನ ಬದುಕಲಿಲ್ಲ. ರೋಮ್‌ನ ಪೋಪ್ ಲಿಯೋ ಒಂದು ದೀರ್ಘ ಪತ್ರ ಕಳಿಸಿದ್ದ, ಅದನ್ನು ಓದಲೇ ಇಲ್ಲ. ಲಿಯೋ ಆ ಸಭೆಯನ್ನು ದರೋಡೆಕೋರರ ಕೂಟ ಅಂದ.

450ರ ಜುಲೈನಲ್ಲಿ ಚಕ್ರವರ್ತಿ ಕುದುರೆಯಿಂದ ಬಿದ್ದು ಸತ್ತ. ಅಕ್ಕ ಪುಲ್ಕೇರಿಯಾ ಅಧಿಕಾರ ಹಿಡಿದು, ತನ್ನ ಬ್ರಹ್ಮಚರ್ಯದ ವ್ರತಕ್ಕೆ ಭಂಗ ಬರದ ಹಾಗೆ ಮಾರ್ಸಿಯನ್ ಅನ್ನೋ ಸೇನಾಧಿಕಾರಿಯನ್ನು ಮದುವೆಯಾಗಿ ಸಿಂಹಾಸನದ ಮೇಲೆ ಕೂರಿಸಿದಳು. ಕುದುರೆ ಎಡವದೇ ಹೋಗಿದ್ದರೆ ಕಾಲ್ಸಿಡನ್ ಸಭೆ ನಡೆಯುತ್ತಿತ್ತೋ ಇಲ್ಲವೋ.

ಹೀಗೆ ನಾವು ಮತ್ತೆ ಕಡಿಕೊಯ್‌ಗೆ ಬಂದೆವು. ಬಿಷಪ್‌ಗಳಿಗೆ ಹೊಸ ಒಕ್ಕಣೆ ಬರೆಯೋ ಮನಸ್ಸೇ ಇರಲಿಲ್ಲ, ಸರ್ಕಾರ ಬಿಡಲಿಲ್ಲ. ಮೊದಲ ಕರಡಿನಲ್ಲಿ ‘ಎರಡು ಸ್ವಭಾವಗಳಿಂದ’ ಅಂತಿತ್ತು. ಬಹುತೇಕರು ಇದೇ ಸರಿ ಅಂತ ಕೂಗಿದರು. ಚಕ್ರವರ್ತಿಯ ಅಧಿಕಾರಿಗಳು ಎದ್ದು ನಿಂತು ಕೇಳಿದರು: ಡಯೊಸ್ಕೊರಸ್ ‘ಇಂದ’ ಅನ್ನುತ್ತಾನೆ, ಲಿಯೋ ‘ಅಲ್ಲಿ’ ಅನ್ನುತ್ತಾನೆ, ನೀವು ಯಾರ ಕಡೆ? ‘ಇಂದ’ದಲ್ಲಿ ಒಂದು ಜಾರುಬಂಡೆ ಇದೆ. ಹಾಲಿನಿಂದ ಮೊಸರಾಯಿತು ಅನ್ನುವಾಗ ಹಾಲು ಉಳಿದಿರೋದಿಲ್ಲ. ಹಾಗೆ ಎರಡು ಸ್ವಭಾವಗಳಿಂದ ಒಂದಾಯಿತು ಅಂದರೆ ಮನುಷ್ಯತ್ವ ದೈವದೊಳಗೆ ಕರಗಿಹೋಯಿತು ಅಂತಲೂ ಓದಬಹುದು. ‘ಅಲ್ಲಿ’ ಅಂದರೆ ಎರಡೂ ಈಗಲೂ ಇವೆ. ಡಯೊಸ್ಕೊರಸ್‌ನನ್ನು ಆಗಲೇ ಪದವಿಯಿಂದ ತೆಗೆದಿದ್ದರು, ಅವನ ಕಡೆ ಅನ್ನಿಸಿಕೊಳ್ಳೋಕೆ ಯಾರಿಗೆ ಧೈರ್ಯ? ಸಮಿತಿ ಒಳಗೆ ಹೋಗಿ ‘ಅಲ್ಲಿ’ ಬರೆದುಕೊಂಡು ಬಂತು. ಎರಡು ಸ್ವಭಾವಗಳಲ್ಲಿ ಒಬ್ಬನೇ ಕ್ರಿಸ್ತ. ಹೇಗೆ ಒಂದಾದವು ಅಂತ ಮಾತ್ರ ಹೇಳಲಿಲ್ಲ. ಹೇಗೆ ಅಲ್ಲ ಅಂತ ನಾಲ್ಕು ಪದ ಹಾಕಿದರು: ಬೆರೆಯದೆ, ಬದಲಾಗದೆ, ಭಾಗವಾಗದೆ, ಬೇರೆಯಾಗದೆ. ನಾಲ್ಕು ಕಡೆ ಬೇಲಿ ಹಾಕಿ ನಡುವಿನ ಜಾಗ ಖಾಲಿ ಬಿಟ್ಟರು. ನನಗೆ ಈ ಖಾಲಿ ಬಿಟ್ಟದ್ದೇ ಇಡೀ ಸಭೆಯ ಬುದ್ಧಿವಂತಿಕೆ ಅನ್ನಿಸುತ್ತೆ. ಆದರೆ ಆ ನಾಲ್ಕರಲ್ಲಿ ಯಾವುದನ್ನು ಡಯೊಸ್ಕೊರಸ್ ಒಪ್ಪುತ್ತಿರಲಿಲ್ಲ ಅಂತ ಹುಡುಕಿದರೆ ಸಿಗೋದು ಕಷ್ಟ. ಅವನೂ ಬೆರಕೆಯಾಯಿತು ಅಂದವನಲ್ಲ.

ಅದೇ ಸಭೆಯಲ್ಲಿ ಈಜಿಪ್ಟಿನ ಹದಿಮೂರು ಬಿಷಪ್‌ಗಳು ನೆಲಕ್ಕೆ ಬಿದ್ದು ಬೇಡಿಕೊಂಡರು. ಲಿಯೋನ ಪತ್ರಕ್ಕೆ ಸಹಿ ಹಾಕಿ ಊರಿಗೆ ಹೋದರೆ ನಮ್ಮನ್ನು ಜೀವಸಹಿತ ಬಿಡೋದಿಲ್ಲ, ಬೇಕಾದರೆ ಇಲ್ಲೇ ಕೊಂದುಬಿಡಿ ಅಂದರು. ಸಭೆ ನಕ್ಕಿತು, ಬೈದಿತು. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಡಯೊಸ್ಕೊರಸ್‌ನ ಜಾಗಕ್ಕೆ ಸರ್ಕಾರ ಕೂರಿಸಿದ ಪ್ರೊಟೇರಿಯಸ್‌ನನ್ನು 457ರಲ್ಲಿ ಅಲೆಕ್ಸಾಂಡ್ರಿಯಾದ ಗುಂಪು ಕೊಂದು ಹಾಕಿತು. ಈಜಿಪ್ಟಿನ ಕಾಪ್ಟಿಕ್, ಸಿರಿಯಾದ ಸಿರಿಯಕ್ ಆರ್ಥೊಡಾಕ್ಸ್, ಅರ್ಮೇನಿಯಾ, ಇಥಿಯೋಪಿಯಾದ ಚರ್ಚುಗಳು ಕಾಲ್ಸಿಡನ್ ಒಪ್ಪಲೇ ಇಲ್ಲ. ಇನ್ನೊಂದು ಕಡೆ, ಪರ್ಷಿಯಾ ಸಾಮ್ರಾಜ್ಯದೊಳಗಿದ್ದ ಪೂರ್ವದ ಚರ್ಚು ಎಫೆಸಸ್‌ನ ತೀರ್ಪನ್ನೇ ಒಪ್ಪದೆ ನೆಸ್ಟೋರಿಯಸ್‌ನನ್ನು ಗುರುಗಳ ಸಾಲಿನಲ್ಲಿ ಇಟ್ಟುಕೊಂಡಿತು. ಅದರ ಸನ್ಯಾಸಿಗಳು 635ರಲ್ಲಿ ಚೀನಾದ ರಾಜಧಾನಿ ಮುಟ್ಟಿದ್ದರು ಅಂತ ಶಿಯಾನ್‌ನ 781ರ ಶಿಲಾಶಾಸನ ಹೇಳುತ್ತೆ.

ಮಲಬಾರಿನ ಕ್ರೈಸ್ತರಿಗೆ ಶತಮಾನಗಳ ಕಾಲ ಬಿಷಪ್‌ಗಳು ಬರುತ್ತಿದ್ದದ್ದು ಈ ಪೂರ್ವದ ಚರ್ಚಿನಿಂದ. 1599ರಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜೆಸ್ ಉದಯಂಪೇರೂರಿನಲ್ಲಿ ಸಭೆ ಕರೆದು, ನಿಮ್ಮ ಪುಸ್ತಕಗಳಲ್ಲಿ ನೆಸ್ಟೋರಿಯಸ್‌ನ ವಾಸನೆ ಇದೆ ಅಂತ ತಿದ್ದಿಸಿದ, ಸುಡಿಸಿದ. ಎಫೆಸಸ್ ತೀರ್ಪಿನ ಜಾರಿ, 1168 ವರ್ಷ ತಡವಾಗಿ, ಕೇರಳದಲ್ಲಿ! 1653ರಲ್ಲಿ ಆ ಜನ ಮಟ್ಟಾಂಚೇರಿಯಲ್ಲಿ ಶಿಲುಬೆಗೆ ಹಗ್ಗ ಕಟ್ಟಿ ಹಿಡಿದು ಜೆಸುವಿಟರ ಅಧೀನ ಒಲ್ಲೆವು ಅಂತ ಆಣೆ ಮಾಡಿದರು. ಅವರಿಗೆ ಒಬ್ಬ ಬಿಷಪ್ ಬೇಕಿತ್ತು. 1665ರಲ್ಲಿ ಬಂದವನು ಜೆರುಸಲೇಮಿನ ಮಾರ್ ಗ್ರಿಗೊರಿಯೋಸ್, ಸಿರಿಯಕ್ ಆರ್ಥೊಡಾಕ್ಸ್, ಅಂದರೆ ನೆಸ್ಟೋರಿಯಸ್‌ಗೆ ನೇರ ವಿರುದ್ಧ ತುದಿಯವನು. ಜನ ಸ್ವಾಗತಿಸಿದರು. ಅತ್ತವನು ಯಾರು, ಎಬ್ಬಿಸಿದವನು ಯಾರು ಅಂತ ಯಾರೂ ಕೇಳಿದ ಹಾಗಿಲ್ಲ. ಬೇಕಾಗಿದ್ದದ್ದು ಪೋರ್ಚುಗೀಸನಲ್ಲದ ಒಬ್ಬ ಹಿರಿಯ. ಉಡುಪಿ ಹತ್ತಿರದ ಬ್ರಹ್ಮಾವರಕ್ಕೆ ಹೋದರೆ ಆ ಗೆರೆಯ ತುದಿ ಕಾಣುತ್ತೆ. ಗೋವಾದ ಕ್ಯಾಥೊಲಿಕ್ ಪಾದ್ರಿ ಆಲ್ವಾರಿಸ್ ಪೋರ್ಚುಗೀಸ್ ಆಡಳಿತದ ಜೊತೆ ಜಗಳವಾಡಿಕೊಂಡು ಹೊರಬಂದು, 1889ರಲ್ಲಿ ಕೇರಳದಲ್ಲಿ ಮಾರ್ ಜೂಲಿಯಸ್ ಅನ್ನೋ ಹೆಸರಿನ ಆರ್ಥೊಡಾಕ್ಸ್ ಬಿಷಪ್ ಆದ. ಬ್ರಹ್ಮಾವರದ ಒಂದಷ್ಟು ಕೊಂಕಣಿ ಕುಟುಂಬಗಳು ಅವನ ಜೊತೆ ಹೋದವು. ಹೀಗೆ ಕರಾವಳಿಯ ಕೊಂಕಣಿ ಜನ ಕಾಲ್ಸಿಡನ್‌ನ ‘ಅಲ್ಲಿ’ ಬಿಟ್ಟು ‘ಇಂದ’ದ ಪಾಳಯ ಸೇರಿದರು. ಮನೆಯಲ್ಲಿ ಮಾತಾಡೋ ಭಾಷೆಯಾಗಲಿ ಅಡುಗೆಯಾಗಲಿ ಬದಲಾಗಲಿಲ್ಲ.

1973ರಲ್ಲಿ ಪೋಪ್ ಆರನೇ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೇ ಶನೂದಾ ಒಂದೇ ಕಾಗದಕ್ಕೆ ಸಹಿ ಹಾಕಿ, ನಮ್ಮಿಬ್ಬರ ನಂಬಿಕೆ ಒಂದೇ ಅಂತ ಒಪ್ಪಿದರು. ಅದರಲ್ಲಿ ‘ಇಂದ’ವೂ ಇಲ್ಲ, ‘ಅಲ್ಲಿ’ಯೂ ಇಲ್ಲ, ಎರಡೂ ಬರದ ಹಾಗೆ ವಾಕ್ಯ ಕಟ್ಟಿದ್ದಾರೆ. 1994ರ ನವೆಂಬರ್‌ನಲ್ಲಿ ಎರಡನೇ ಜಾನ್ ಪೌಲ್ ಮತ್ತು ಪೂರ್ವದ ಚರ್ಚಿನ ಮಾರ್ ದಿನ್ಖಾ ಕೂಡ ಹಾಗೇ ಮಾಡಿದರು. ‘ದೇವರ ತಾಯಿ’ ಅಂದರೂ ಸರಿ, ‘ಕ್ರಿಸ್ತನ ತಾಯಿ’ ಅಂದರೂ ಸರಿ, ಎರಡೂ ಒಂದೇ ನಂಬಿಕೆಯ ಮಾತು ಅಂತ ಅದರಲ್ಲಿದೆ. ನೆಸ್ಟೋರಿಯಸ್ ಕೇಳಿದ್ದೂ ಹೆಚ್ಚುಕಡಿಮೆ ಇಷ್ಟೇ.

ಅವನ ಒಂದು ಪುಸ್ತಕ ಸುಡದೆ ಉಳಿದಿತ್ತು. ಗಡೀಪಾರಿನಲ್ಲಿ ಗ್ರೀಕ್‌ನಲ್ಲಿ ಬರೆದದ್ದು, ಯಾರೋ ಸಿರಿಯಕ್‌ಗೆ ಅನುವಾದಿಸಿ, ‘ಹೆರಾಕ್ಲಿಡಿಸ್’ ಅನ್ನೋ ಬೇರೆಯವರ ಹೆಸರಿನಲ್ಲಿ ಬಚ್ಚಿಟ್ಟಿದ್ದರು. ಕುರ್ದಿಸ್ತಾನದ ಬೆಟ್ಟಗಳಲ್ಲಿದ್ದ ಪೂರ್ವದ ಚರ್ಚಿನ ಕುಲಪತಿಯ ಗ್ರಂಥಾಲಯದಲ್ಲಿ ಅದು 1889ರ ಸುಮಾರಿಗೆ ಸಿಕ್ಕಿತು, 1910ರಲ್ಲಿ ಅಚ್ಚಾಯಿತು. ಲಿಯೋನ ಪತ್ರ ಮರುಭೂಮಿಯಲ್ಲಿ ಅವನ ಕೈಗೂ ಬಂದಿತ್ತಂತೆ. ಓದಿ ಖುಷಿಪಟ್ಟ, ನಾನು ಹೇಳಿದ್ದೂ ಇದನ್ನೇ ಅಂದುಕೊಂಡ. ಲಿಯೋಗೆ ಬರಿ ಅಂತ ಸುತ್ತಲಿನವರು ಹೇಳಿದರೂ ಬರೆಯಲಿಲ್ಲ. ನನ್ನ ಹೆಸರು ಸೇರಿದರೆ ಅವರ ಮಾತೂ ಕೆಟ್ಟುಹೋಗುತ್ತೆ, ನಾನು ಶಾಪದಲ್ಲೇ ಇರ್ತೀನಿ, ಮಾತು ಗೆಲ್ಲಲಿ ಅಂತ ಸುಮ್ಮನಾದ. ಕಾಲ್ಸಿಡನ್ ಸಭೆ ಸೇರೋ ಹೊತ್ತಿಗೆ ಅವನು ಸತ್ತಿದ್ದ, ಇಲ್ಲವೇ ಸಾಯೋ ಸ್ಥಿತಿಯಲ್ಲಿದ್ದ. ಅವನ ನಾಲಿಗೆಗೆ ಹುಳ ಬಿದ್ದಿತ್ತು ಅಂತ ಎದುರಾಳಿಗಳು ಕಥೆ ಕಟ್ಟಿದರು. ಸಭೆಯಲ್ಲಿ ಅವನ ಹೆಸರಿಗೆ ಇನ್ನೊಂದು ಸಲ ಶಾಪ ಹಾಕಿ, ಆಮೇಲೆ ‘ಅಲ್ಲಿ’ ಬರೆದರು. ಪುಸ್ತಕದ ಕೊನೆಯ ಪುಟದಲ್ಲಿ ನೆಸ್ಟೋರಿಯಸ್ ಮಾತಾಡೋದು ಯಾವ ಬಿಷಪ್ ಜೊತೆಗೂ ಅಲ್ಲ, ಮರುಭೂಮಿಯ ಜೊತೆ. ಅದನ್ನು ಗೆಳತಿ, ಸಾಕಿದವಳು, ತಾಯಿ ಅಂತ ಕರೆದು, ಸತ್ತ ಮೇಲೂ ನನ್ನ ದೇಹವನ್ನು ಎಬ್ಬಿಸೋ ದಿನದವರೆಗೆ ನೀನೇ ಕಾಯಬೇಕು ಅಂತ ಒಪ್ಪಿಸಿ, ನಮಸ್ಕಾರ ಹೇಳಿ ಮುಗಿಸುತ್ತಾನೆ.